ಅಕ್ಕ ಮಾತು ಕಲಿಸಿದ ಕಾಟಾ

ಗೋಣಿಚೀಲ ಬಿಚ್ಚಿದ ಕೂಡಲೇ ಪಡಸಾಲೆಯ ತುಂಬ ತೌಡಿನ ವಾಸನೆ ಹರಡಿತು. ಅಕ್ಕಿ ಗಿರಣಿಯಲ್ಲಿ ದುಡಿದವರಿಗೆ ಥಟ್ಟನೆ ಗುರುತು ಸಿಗುವ, ಒಣಗಿದ, ಸ್ವಲ್ಪ ಸಿಹಿಯಾದ ವಾಸನೆ. ಎಷ್ಟೋ ವರ್ಷ ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಕಂಪ್ಯೂಟರಿನ ತಗಡಿನ ಡಬ್ಬಿಯೊಳಗೆ ಅದು ಇನ್ನೂ ಉಳಿದಿತ್ತು. ಅಕ್ಕನ ಮಗಳು ನೆಲದ ಮೇಲೆ ಕೂತು ಅದರ ಮುಚ್ಚಳ ತೆಗೆದು, ಬ್ರಷ್ಷಿನಿಂದ ದೂಳು ಗುಡಿಸುತ್ತಿದ್ದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೊಸಪೇಟೆಯ ನನ್ನ ಮನೆ ಮರೆತು ಹೋಗಿ, ಕಂಪ್ಲಿಯ ಗಿರಣಿ ಅಂಗಳ ಕಣ್ಣಿಗೆ ಬಂತು. ಅಲ್ಲಿನ ಕಿಟಕಿ, ಕಿಟಕಿಯ ಹಿಂದೆ ಕೂತ ಅಕ್ಕ...

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಗಿರಣಿಯಲ್ಲಿ ಚೀಲ ಹೊರಲು ಸೇರಿದೆ. ಅವಳು ಪಿಯುಸಿ ಮುಗಿಸಿ, ಹೊಸಪೇಟೆಗೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತು, ಅದೇ ಗಿರಣಿಯ ಕಾಟಾದಲ್ಲಿ ಕೆಲಸ ಹಿಡಿದಳು. ಕಾಟಾ ಎಂದರೆ ಲಾರಿಯನ್ನು ಸರಕಿನ ಸಮೇತ ತೂಗುವ ತಕ್ಕಡಿ. ನೆಲಕ್ಕೆ ಸಮವಾಗಿ ಕಬ್ಬಿಣದ ಹಾಸು, ಪಕ್ಕದಲ್ಲಿ ಒಂದು ಸಣ್ಣ ಕೋಣೆ. ಲಾರಿ ಹಾಸಿನ ಮೇಲೆ ನಿಂತರೆ ಕೋಣೆಯಲ್ಲಿದ್ದ ಕಂಪ್ಯೂಟರಿನಲ್ಲಿ ತೂಕ ಮೂಡುತ್ತಿತ್ತು. ಅಕ್ಕ ಅದನ್ನು ಕಿಟಕಿಯಿಂದ ಕೂಗಿ ಹೇಳಬೇಕು. ಡ್ರೈವರ್, ಭತ್ತ ತಂದ ರೈತ, ಹಮಾಲರು ಎಲ್ಲರೂ ಕೇಳಿ ಒಪ್ಪಬೇಕು. ಚೀಟಿ ಕೊಡುತ್ತಿದ್ದರು, ಆದರೆ ಅದನ್ನು ಓದಲು ಬಾರದವರೇ ಹೆಚ್ಚು. ಅವರಿಗೆ ಕಿವಿಯಿಂದ ಕೇಳಿದ್ದೇ ತೂಕ.

ಹಿಂದೆ ಗಿರಣಿಯ ಸದ್ದು, ಮುಂದೆ ಲಾರಿಯ ಸದ್ದು. ಸುಗ್ಗಿಯ ದಿನಗಳಲ್ಲಿ ಸಂಜೆಯ ಹೊತ್ತಿಗೆ ಅಕ್ಕನ ಗಂಟಲು ಕಟ್ಟಿರುತ್ತಿತ್ತು. ಮನೆಗೆ ಬಂದರೆ ನಮ್ಮ ಜೊತೆ ಕೈಸನ್ನೆಯಲ್ಲೇ ಮಾತು. ಒಂದು ದಿನ ಅವ್ವ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತಾ, "ಆ ಡಬ್ಬಿಗೆ ಅಷ್ಟೆಲ್ಲ ಲೆಕ್ಕ ಬರ್ತೈತಿ, ಒದರಾಕ ಬರಂಗಿಲ್ಲೇನು?" ಎಂದಳು. ಅವ್ವ ತಮಾಷೆಗೆ ಅಂದದ್ದು. ಅಕ್ಕ ಲೋಟ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟಳು.

ಕಂಪ್ಯೂಟರ್ ಕಲಿಸಿದ ಮೇಷ್ಟ್ರನ್ನು ಕಾಡಿ ಬೇಡಿ ಅವಳು ಒಂದು ಹಳೆಯ ಸೌಂಡ್ ಕಾರ್ಡ್ ತಂದಳು. ಆಗಿನ ಕಂಪ್ಯೂಟರುಗಳಿಗೆ ಹುಟ್ಟಿನಿಂದ ದನಿ ಇರುತ್ತಿರಲಿಲ್ಲ. ಬರೀ ಕುಂಯ್ ಎನ್ನುತ್ತಿದ್ದವು. ಮಾತಾಡಬೇಕೆಂದರೆ ಆ ಕಾರ್ಡನ್ನು ಹೊಟ್ಟೆಯೊಳಗೆ ಸಿಕ್ಕಿಸಬೇಕು. ಸಾಹುಕಾರರನ್ನು ಒಪ್ಪಿಸಿ ಅಂಗಳಕ್ಕೊಂದು ಸ್ಪೀಕರ್ ಹಾಕಿಸಿದಳು. ಅಮಾವಾಸ್ಯೆಗೆ ಗಿರಣಿಗೆ ರಜೆ. ಒಂದು ಅಮಾವಾಸ್ಯೆಯ ದಿನ ಬಾಗಿಲು ಹಾಕಿಕೊಂಡು ಕೂತು, ಒಂದರಿಂದ ಶುರುಮಾಡಿ ಒಂದೊಂದೇ ಸಂಖ್ಯೆಯನ್ನು ತನ್ನ ದನಿಯಲ್ಲಿ ಕಂಪ್ಯೂಟರಿಗೆ ತುಂಬಿದಳು. ಅವನ್ನು ತೂಕಕ್ಕೆ ತಕ್ಕಂತೆ ಜೋಡಿಸಿ ಹೇಳುವ ಪ್ರೋಗ್ರಾಮನ್ನೂ ತಾನೇ ಬರೆದಳು.

ಮರುದಿನ ಮೊದಲ ಲಾರಿ ಹಾಸಿನ ಮೇಲೆ ಬಂದು ನಿಂತಾಗ ಅಂಗಳದ ತುಂಬ ಅಕ್ಕನ ದನಿ ಕೇಳಿತು. "ಹದಿನಾಲ್ಕು ಟನ್, ಆರು ಕ್ವಿಂಟಲ್. ಆತ್ರಿ. ಮುಂದ ಬರ್ರಿ." ಕಡೆಯ ಮಾತು ಸಾಲಿನಲ್ಲಿ ಹಿಂದೆ ನಿಂತ ಲಾರಿಗೆ. ಹಮಾಲರು ಚೀಲ ಇಳಿಸಿ ನೋಡುತ್ತಾ ನಿಂತರು. ಒಬ್ಬ ಮುದುಕ ರೈತ ಸ್ಪೀಕರಿಗೇ ಕೈಮುಗಿದು, "ಇನ್ನೊಂದ್ ಸಲ ಹೇಳವ್ವಾ" ಎಂದ. ಅಕ್ಕ ಕೀಲಿ ಒತ್ತಿದಳು. ಸ್ಪೀಕರ್ ಇನ್ನೊಂದು ಸಲ ಹೇಳಿತು. ಕಿಟಕಿಯ ಹಿಂದೆ ಅಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅವಳ ಭುಜ ನಗುತ್ತಿತ್ತು.

ಒಂದು ಸುಗ್ಗಿ ಹಾಗೆ ನಡೆಯಿತು. ಅಕ್ಕನ ಗಂಟಲು ಸರಿಹೋಯಿತು, ಸಂಜೆ ಮನೆಯಲ್ಲಿ ಮತ್ತೆ ಮಾತು, ಹಾಡು. ಕೆಟ್ಟದ್ದು ನನಗೆ. ಡ್ರೈವರುಗಳು ಆ "ಮುಂದ ಬರ್ರಿ"ಯನ್ನು ಹಿಡಿದುಕೊಂಡರು. ಸ್ಪೀಕರ್ ಹಾಗೆಂದ ಕೂಡಲೇ ಯಾರಾದರೊಬ್ಬ "ಬಂದ್ವಿ ತಡೀರಿ, ಎಷ್ಟ್ ಅವಸರ ನಿಮಗ" ಎನ್ನುವುದು, ಉಳಿದವರು ನಗುವುದು. ನಾನು ಎದುರಿನ ಹೋಟೆಲಿಗೆ ಮಿರ್ಚಿ ಒಗ್ಗರಣಿ ತಿನ್ನಲು ಹೋದರೆ, ಹೆಣ್ಣುದನಿ ಮಾಡಿ "ಮುಂದ ಬರ್ರೀ..." ಎಂದು ರಾಗ ಎಳೆಯುತ್ತಿದ್ದರು. ನಾನು ಅವಳ ತಮ್ಮ ಎಂದು ಗೊತ್ತಿದ್ದೇ ಹಾಗೆ ಮಾಡುತ್ತಿದ್ದರು.

"ಆ ಬರ್ರಿ ಅನ್ನೋದು ತಗದ್ ಹಾಕು" ಎಂದೆ ಅಕ್ಕನಿಗೆ.

"ಮತ್ತೇನ್ ಅನ್ಲಿ? ಬಾರಲೇ ಅನ್ಲೇನು?"

"ಏನೂ ಅನ್ನಬ್ಯಾಡ. ಮಂದಿ ನಗಾಕತ್ತೈತಿ."

"ಮನಿಗೆ ಬಂದೋರಿಗೆ ಬರ್ರಿ ಅಂತೀವಿಲ್ಲೋ? ನಗೋರು ನಾಕ್ ದಿನ ನಕ್ಕು ಸುಮ್ಮನಾಗ್ತಾರ. ನೀ ಸುಮ್ನಿರಲೇ."

ನಾನು ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋಗಿದ್ದಾಗ ಕಾಟಾ ಕೋಣೆಗೆ ನುಗ್ಗಿದೆ. ಅವಳು ಡಬ್ಬಿ ಬಿಚ್ಚುವುದನ್ನು ನೋಡಿದ್ದೆ. ಸ್ಕ್ರೂ ತೆಗೆದು, ಆ ಸೌಂಡ್ ಕಾರ್ಡನ್ನು ಕಿತ್ತು, ಅಂಗಿಯೊಳಗೆ ಇಟ್ಟುಕೊಂಡು ಹೋಗಿ ಊರ ಹೊರಗಿನ ಕಾಲುವೆಗೆ ಎಸೆದೆ. ನೀರು ತುಂಬಿ ಹರಿಯುತ್ತಿತ್ತು, ಬಿದ್ದ ಸದ್ದೂ ಕೇಳಲಿಲ್ಲ. ಸಾಹುಕಾರರಿಗೆ, "ವೋಲ್ಟೇಜ್ ಏರಿ ಸುಟ್ಟಿರಬೇಕ್ರಿ" ಎಂದೆ.

ಅಂದು ಮನೆಯಲ್ಲಿ ಅಕ್ಕ ನನ್ನ ತಾಟಿಗೆ ರೊಟ್ಟಿ ಹಾಕುತ್ತಾ, ಅವ್ವನಿಗೆ ಕೇಳಿಸದ ಹಾಗೆ, "ಎಲ್ಲಿ ಒಗದಿ?" ಎಂದು ಕೇಳಿದಳು.

"ಏನು?" ಎಂದೆ.

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಮತ್ತೆಂದೂ ಕೇಳಲಿಲ್ಲ.

ಬಳ್ಳಾರಿಯಿಂದ ಬೇರೊಂದು ಕಾರ್ಡ್ ತರಿಸಿ ಹಾಕಿ ನೋಡಿದಳು. ಅವಳ ಪ್ರೋಗ್ರಾಮು ಕಾಲುವೆಗೆ ಹೋದ ಆ ಒಂದು ಕಾರ್ಡಿಗೆಂದೇ ಬರೆದದ್ದು; ಬೇರೆಯದರ ಜೊತೆ ಅದು ಮಾತಾಡಲಿಲ್ಲ. ತಿರುಗಿ ಬರೆಯುವಷ್ಟರಲ್ಲಿ ಲಗ್ನ ಗೊತ್ತಾಯಿತು. ಅಲ್ಲಿಯತನಕ ಅವಳು ಕಿಟಕಿಯಿಂದಲೇ ಕೂಗಿದಳು. ಆ ದನಿ ಅಂಗಳದಲ್ಲಿ ಕೇಳಬಾರದು ಎಂದು ನಾನು ಅಷ್ಟೆಲ್ಲ ಮಾಡಿದ್ದೆ. ಆದರೆ ಚೀಲ ಹೊತ್ತು ಕಿಟಕಿಯ ಮುಂದೆ ಹಾಯುವಾಗೆಲ್ಲ ಅದು ಕೇಳುತ್ತಲೇ ಇತ್ತು, ಒಡೆದು, ಕೆಮ್ಮು ಬೆರೆತು... ಡ್ರೈವರುಗಳು ಅದಕ್ಕೆ ನಗಲಿಲ್ಲ. ಅವರು ಅಷ್ಟರಲ್ಲಿ ಆ ತಮಾಷೆಯನ್ನೇ ಮರೆತಿದ್ದರು.

ಅಕ್ಕನಿಗೆ ಮದುವೆಯಾಗಿ ಒಂದು ಮಗುವಾಯಿತು. ಆ ಮಗು ಮಾತು ಕಲಿಯುವ ಮೊದಲೇ ಅಕ್ಕ ಕಾಯಿಲೆ ಬಿದ್ದು ತೀರಿಕೊಂಡಳು. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದಾಗ ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ನೀರು ಬೇಕೇನು, ದಿಂಬು ಸರಿ ಮಾಡಲೇನು ಎಂದು ಕೇಳಿ ಮುಗಿಸಿದೆ.

ಗಿರಣಿಗೆ ಹೊಸ ಕಂಪ್ಯೂಟರ್ ಬಂದಾಗ ಸಾಹುಕಾರರು ಹಳೆಯದನ್ನು ನನಗೆ ಕೊಟ್ಟರು. "ನಿಮ್ಮ ಅಕ್ಕನ ಕೈಯಾಗಿಂದು, ಗುಜರಿಗೆ ಹಾಕಾಕ ಮನಸಿಲ್ಲಪ" ಎಂದರು. ನನಗೂ ಮನಸ್ಸು ಬರಲಿಲ್ಲ. ಬಿಚ್ಚಿ ನೋಡುವ ಧೈರ್ಯವೂ ಬರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದೆ. ಹೊಸಪೇಟೆಗೆ ಮನೆ ಬದಲಿಸಿದಾಗಲೂ ಅದು ಜೊತೆಗೇ ಬಂತು. ಅಷ್ಟರಲ್ಲಿ ನಾನು ಲಾರಿ ಹತ್ತಿದ್ದೆ. ಈಗ ಸಂಡೂರಿನಿಂದ ಅದಿರು ತುಂಬಿದ ಟಿಪ್ಪರ್ ಓಡಿಸುತ್ತೇನೆ.

ಅಕ್ಕನ ಮಗಳು ಈಗ ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರಗಳ ಮೀಟರು, ವೈರು ರಿಪೇರಿ ಮಾಡುವ ಕೆಲಸದಲ್ಲಿದ್ದಾಳೆ. ಕುರೆಕುಪ್ಪದಲ್ಲಿ ರೂಮು. ರಜೆ ಸಿಕ್ಕಾಗ ನಮ್ಮ ಮನೆಗೆ ಬರುತ್ತಾಳೆ. ಒಂದು ಸಲ ಊಟ ಮಾಡುತ್ತಾ ಇದ್ದಕ್ಕಿದ್ದಂತೆ, "ಅವ್ವನ ದನಿ ಹೆಂಗಿತ್ತು ಮಾಮ?" ಎಂದು ಕೇಳಿದಳು. ಅವಳ ಹತ್ತಿರ ತಾಯಿಯ ಫೋಟೋಗಳಿವೆ, ದನಿ ಎಲ್ಲೂ ಇಲ್ಲ. ಹೆಂಗಿತ್ತು ಎಂದು ಹೇಳಲು ನೋಡಿದೆ, ಬರಲಿಲ್ಲ. ದನಿಯನ್ನು ಬಾಯಿಂದ ಹೇಗೆ ಹೇಳುವುದು... ಬಾಯಿ ತಪ್ಪಿ, "ಅಟ್ಟದ ಮ್ಯಾಲ ಐತಿ" ಎಂದೆ.

ಹಾಗೆ ಇಳಿದು ಬಂದದ್ದು ಆ ಗೋಣಿಚೀಲ.

ಡಬ್ಬಿಯೊಳಗೆ ಟಾರ್ಚು ಬಿಟ್ಟು ನೋಡಿ ಅವಳು, "ಸೌಂಡ್ ಕಾರ್ಡ್ ಎಲ್ಲಿ?" ಎಂದಳು.

"ವೋಲ್ಟೇಜಿಗೆ ಸುಟ್ಟು ಹೋತು ಅಂತಿದ್ರು."

"ವೋಲ್ಟೇಜ್ ಏರಿದ್ರ ಕಾರ್ಡ್ ಸುಡ್ತೈತಿ ಮಾಮ. ಸ್ಕ್ರೂ ಬಿಚ್ಚಿಕೊಂಡು ಎದ್ದು ಹೋಗಂಗಿಲ್ಲ."

ಅವಳು ನಗುತ್ತಲೇ ಅಂದಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಆಗ ಹೇಳಿದೆ. ಹೋಟೆಲು, ಡ್ರೈವರುಗಳು, ಕಾಲುವೆ, ರೊಟ್ಟಿ ಹಾಕುತ್ತಾ ಅಕ್ಕ ಕೇಳಿದ್ದು, ನಾನು ಏನು ಎಂದದ್ದು, ಎಲ್ಲವನ್ನೂ. ಅವಳು ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡಳು.

"ಅವ್ವ ಬೈದಳೇನು?"

"ಇಲ್ಲ."

"ಬೈಬೇಕಿತ್ತು" ಎಂದಳು. ಆಮೇಲೆ ಡಬ್ಬಿಯ ಮೂಲೆಯಲ್ಲಿದ್ದ ಕಬ್ಬಿಣದ ಇಟ್ಟಿಗೆಯಂಥದನ್ನು ತೋರಿಸಿದಳು. "ದನಿ ಇರೋದು ಕಾರ್ಡಿನಾಗಲ್ಲ. ಈ ಹಾರ್ಡ್ ಡಿಸ್ಕಿನಾಗ. ಇದು ತಿರುಗಿದ್ರ ಅವ್ವನ ದನಿ ಐತಿ, ಇಲ್ಲಾಂದ್ರ ಇಲ್ಲ. ಇಲ್ಲಿ ಹಿಡೀ ಸ್ವಲ್ಪ."

ನಾನು ಹಿಡಿದೆ. ಅವಳು ಅದನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿ ಕುರೆಕುಪ್ಪಕ್ಕೆ ಒಯ್ದಳು.

ಆ ದಿನಗಳಲ್ಲಿ ನನಗೆ ಸ್ಟೇರಿಂಗ್ ಮೇಲೆ ಗಮನ ನಿಲ್ಲುತ್ತಿರಲಿಲ್ಲ. ಅಟ್ಟದ ಮೇಲೆ ಬೇಸಿಗೆಯ ಕಾವಿಗೆ ಇಷ್ಟು ವರ್ಷ ಇಟ್ಟವನು ನಾನೇ. ಅದು ತಿರುಗದಿದ್ದರೆ ಅಕ್ಕನ ದನಿಯನ್ನು ಎರಡನೆಯ ಸಲ ಎಸೆದವನೂ ನಾನೇ ಆಗುತ್ತಿದ್ದೆ. ಯಶವಂತನಗರದ ಬಳಿ ಲಾರಿಗಳ ಸಾಲಿನಲ್ಲಿ ನಿಂತಿದ್ದಾಗ ಅವಳ ಫೋನು ಬಂತು.

"ಬಂತು ಮಾಮ. ಭಾಳ ಸತಾಯಿಸ್ತು. ಕಡೀಗೆ ಒಂದ್ ಸಲ ತಿರುಗ್ತು, ಎಲ್ಲಾ ಕಾಪಿ ಮಾಡ್ಕೊಂಡೆ. ಆಮ್ಯಾಲ ನಿಂತೇ ಹೋತು."

"ದನಿ ಹೆಂಗೈತಿ?"

"ನಾ ಇನ್ನೂ ಕೇಳಿಲ್ಲ. ಮೊಬೈಲ್‌ನಾಗ ಹಾಕಿದ್ರ ತುಂಡ್ ತುಂಡ್ ಬರ್ತೈತಿ. ಅವ್ವ ಹೆಂಗ ಜೋಡಿಸಿದ್ಲೋ ಹಂಗ ಕೇಳ್ಬೇಕು ನಾ."

ಹಿಂದಿನ ಲಾರಿಯವ ಹಾರ್ನ್ ಹೊಡೆಯುತ್ತಿದ್ದ. ನಾನು ಕಣ್ಣೊರೆಸಿಕೊಂಡು ಗೇರು ಹಾಕಿದೆ.

ಮುಂದಿನ ರಜೆಗೆ ಬಂದಾಗ ಅವಳ ಚೀಲದಲ್ಲಿ ಎರಡು ಸಣ್ಣ ಹಸಿರು ಹಲಗೆಗಳಿದ್ದವು. ಒಂದೊಂದರ ಮೇಲೂ ಉಗುರಿನಷ್ಟು ಅಗಲದ ಒಂದು ಕರಿಯ ಚಿಪ್. ಮೈಕ್ರೋಕಂಟ್ರೋಲರ್ ಎನ್ನುತ್ತಾರಂತೆ; ವಾಷಿಂಗ್ ಮಷಿನ್ನಿನಿಂದ ಆಟಿಕೆಯ ತನಕ ಎಲ್ಲದರಲ್ಲೂ ಅದರ ಬಳಗ ಇದೆಯಂತೆ. ಹಳೆಯ ಕಂಪ್ಯೂಟರಿನ ಹುಚ್ಚು ಹಿಡಿದವರು ದೇಶದೇಶಗಳಲ್ಲಿ ಇದ್ದಾರೆ, ಅವರು ನಕ್ಷೆಗಳನ್ನು ಎಲ್ಲರಿಗೂ ಹಂಚಿದ್ದಾರೆ, ಅದನ್ನು ನೋಡಿ ಬೆಸುಗೆ ಹಾಕಿದೆ ಎಂದಳು.

"ಇದು ಸೌಂಡ್ ಕಾರ್ಡೇನು?" ಎಂದೆ.

"ಅಲ್ಲ. ಬಯಲಾಟದಾಗ ವೇಷ ಹಾಕ್ತಾರಲ್ಲ, ಹಂಗ. ಕಂಪ್ಯೂಟರ್ ಇದನ್ನ 'ನೀ ನನ್ನ ಹಳೇ ಸೌಂಡ್ ಕಾರ್ಡೇನು?' ಅಂತ ಕೇಳ್ತೈತಿ. ಇದು ಆ ಕಾರ್ಡ್ ಹೆಂಗ ಉತ್ತರ ಕೊಡ್ತಿತ್ತೋ ಹಂಗ ಕೊಡ್ತೈತಿ, ಅಷ್ಟೇ ಜಲ್ದಿ. ಪಾಪ, ಅದು ನಂಬ್ತೈತಿ. ಆ ಇನ್ನೊಂದು ಹಾರ್ಡ್ ಡಿಸ್ಕಿನ ವೇಷ. ಒಳಗಿರೋದು ಮೊಬೈಲಿನ ಮೆಮೊರಿ ಕಾರ್ಡು."

ನಾನು ಕಿತ್ತಿದ್ದ ಜಾಗದಲ್ಲೇ ಅವಳು ಮೊದಲನೆಯದನ್ನು ಕೂರಿಸಿದಳು. ಸ್ಕ್ರೂವನ್ನು ನನ್ನ ಕೈಗೆ ಕೊಟ್ಟು, "ನೀನ ಹಾಕು" ಎಂದಳು. ಸ್ಕ್ರೂ ಜಾರಿ ಬಿತ್ತು. ಹುಡುಕಿ ಮತ್ತೆ ಹಾಕಿದೆ.

ಕಂಪ್ಯೂಟರ್ ಕರಿಯ ಪರದೆಯ ಮೇಲೆ ಬಿಳಿಯ ಅಕ್ಷರಗಳನ್ನು ಮೂಡಿಸುತ್ತಾ ಎದ್ದಿತು. ಪಕ್ಕದಲ್ಲಿ ಎರಡು ಪುಟ್ಟ ಸ್ಪೀಕರ್. ಕಾಟಾ ಇಲ್ಲದ ಕಾರಣ ತೂಕವನ್ನು ಕೈಯಿಂದ ಒತ್ತಬೇಕಿತ್ತು. ಅವಳು ಹನ್ನೆರಡೂವರೆ ಎಂದು ಒತ್ತಿದಳು.

"ಹನ್ನೆರಡು ಟನ್, ಐದು ಕ್ವಿಂಟಲ್. ಆತ್ರಿ. ಮುಂದ ಬರ್ರಿ."

ಅಕ್ಕ ಪಡಸಾಲೆಯಲ್ಲಿದ್ದಳು. ಇಪ್ಪತ್ತು ದಾಟಿದ ಹುಡುಗಿಯ ದನಿ, ಸುಸ್ತಿಲ್ಲದ್ದು, ಒಡೆಯದ್ದು. ಆ ಬರ್ರಿಯಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಬಿಸಿಲಲ್ಲಿ ಕಾದು ನಿಂತವರನ್ನು ಮರ್ಯಾದೆಯಿಂದ ಕರೆದದ್ದು, ಅಷ್ಟೇ.

ಅವಳ ಮಗಳು ಮುಂದಕ್ಕೆ ಬಾಗಿ ಮತ್ತೆ ಮತ್ತೆ ಒತ್ತಿದಳು. ಎಂಟು ಟನ್. ಹತ್ತೊಂಬತ್ತು ಟನ್. ಕೊನೆಗೆ ಕೈ ತೆಗೆದು, "ಮಾಮ, ಇದು ನನ್ನ ದನಿ ಇದ್ದಂಗ ಐತಲ್ಲ" ಎಂದಳು. ಅದು ನನಗೆ ಗೊತ್ತಿತ್ತು. ಫೋನಿನಲ್ಲಿ ಅವಳ ದನಿ ಕೇಳಿದಾಗೆಲ್ಲ ಅಕ್ಕನೇ ಎನಿಸುತ್ತಿತ್ತು. ಹೇಳಿದರೆ ಕಾಲುವೆಯದ್ದೂ ಹೇಳಬೇಕಾಗುತ್ತದೆ ಎಂದು ಅಂದು ಅವಳು ಕೇಳಿದಾಗ ಹೇಳಿರಲಿಲ್ಲ.

"ನಿನ್ನ ಗಾಡಿ ತೂಕ ಎಷ್ಟು?" ಎಂದಳು. ಲೋಡಾದರೆ ನಲವತ್ತೈದು ಎಂದೆ. ಅವಳು ಒತ್ತಿದಳು. ಸ್ಪೀಕರ್ ಸುಮ್ಮನಿತ್ತು. ಆಮೇಲೆ ಬರೀ "ಟನ್" ಎಂದಿತು.

ಕೆಟ್ಟಿತೇನೋ ಎಂದುಕೊಂಡೆ. ಅವಳು ಹುಡುಕಿ ನೋಡಿದಳು. ಕೆಟ್ಟಿರಲಿಲ್ಲ. ಆಗಿನ ಭತ್ತದ ಲಾರಿಗಳು ಅಷ್ಟು ಹೊರುತ್ತಿರಲಿಲ್ಲ. ಅಕ್ಕ ಮೂವತ್ತರತನಕ ಹೇಳಿ ಎದ್ದಿದ್ದಳು. ನಾನು ಈಗ ಎಳೆಯುವ ಭಾರಕ್ಕೆ ಅವಳ ಹತ್ತಿರ ಮಾತಿಲ್ಲ. ಇನ್ನು ಬರುವುದೂ ಇಲ್ಲ. ಆ ಚಿಪ್, ಕಾರ್ಡಿನ ವೇಷ ಹಾಕಬಹುದು, ಡಿಸ್ಕಿನ ವೇಷ ಹಾಕಬಹುದು, ಅಕ್ಕನ ವೇಷ ಹಾಕಲಾರದು.

"ಉಳಿದಿದ್ದು ನಾ ಹೇಳ್ತೀನಿ" ಎಂದಳು ಮಗಳು. ಮೈಕು ಹುಡುಕಿ ತೆಗೆದಳು. ಫ್ಯಾನ್ ಆಫ್ ಮಾಡಿದೆ. ಅಷ್ಟರಲ್ಲಿ ಬೀದಿಯಲ್ಲಿ ಸೊಪ್ಪಿನ ಗಾಡಿಯವ ಮೆಂತ್ಯ, ಪುಂಡಿಪಲ್ಲೆ ಎಂದು ಕೂಗುತ್ತಾ ಬಂದ. ನಾನು ಹೊರಗೆ ಹೋಗಿ, "ಒಂದೀಟು ಸುಮ್ನಿರಪ" ಎಂದೆ.

"ಯಾಕ್ರಿ, ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?"

"ಎಲ್ಲಾ ಆರಾಮ ಐತಿ. ಹುಡುಗಿ ಮಾತಾಡಾಕತ್ತಾಳ, ಕೇಳಬೇಕು."

ಅವನು ಗಾಡಿಯನ್ನು ನೆರಳಿಗೆ ತಳ್ಳಿ ನಿಲ್ಲಿಸಿದ. ನಾನು ಬಾಗಿಲ ಹೊರಗೇ ನಿಂತೆ. ಒಳಗಿನಿಂದ, ಗಂಟಲು ಸರಿ ಮಾಡಿಕೊಂಡ ಸದ್ದು ಬಂತು. ಆಮೇಲೆ, ನಿಧಾನವಾಗಿ, ಸ್ಪಷ್ಟವಾಗಿ, "ಮೂವತ್ತೊಂದು."