ಹೊಲಿದಿಟ್ಟ ಪಾಠ

ಮಗಳಿಗೆ ಆರು ತುಂಬಿದ ವರ್ಷ ದಾವಣಗೆರೆಯ ಡಾಕ್ಟರು ಅವಳ ಎದೆಯ ಬಡಿತವನ್ನು ಬಹಳ ಹೊತ್ತು ಕೇಳಿಸಿಕೊಂಡು, ಈ ಹುಡುಗಿಯನ್ನು ದೂರ ನಡೆಸಬೇಡಿ ಎಂದರು. ಹರಪನಹಳ್ಳಿಯಲ್ಲಿ ನಮ್ಮ ಮನೆಯಿಂದ ಶಾಲೆಗೆ ಒಂದು ಮೈಲಿ. ಅವಳ ಅಪ್ಪ ಕೆಲವು ದಿನ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋದರು. ತರಗತಿಯಲ್ಲಿ ಎರಡು ಸಲ ತುಟಿ ನೀಲಿಯಾಗಿ ಬಿದ್ದ ಮೇಲೆ, ಮನೆಯಲ್ಲೇ ಇರಲಿ ಎಂದು ಮೇಷ್ಟರು ಕೈಮುಗಿದರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಮನೆಯಲ್ಲಿ ಕಲಿಸುವುದು ಹೇಗೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ನಾನು ಏಳನೆಯ ತರಗತಿ ಪಾಸಾದವಳು, ಅಷ್ಟೆ.

ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ಸಭೆಯ ಪಾದ್ರಿ ಅಯ್ಯನವರ ಹೆಂಡತಿ ಒಂದು ಮಧ್ಯಾಹ್ನ ಎರಡು ಪುಸ್ತಕ ತಂದು ಕಟ್ಟೆಯ ಮೇಲೆ ಇಟ್ಟರು. ಒಂದು ತೆಳ್ಳನೆಯ ಪ್ರಶ್ನೋತ್ತರದ ಪುಸ್ತಕ. ಇನ್ನೊಂದರಲ್ಲಿ ಯೇಸುಸ್ವಾಮಿಯ ಕಥೆಗಳು, ವಾರಕ್ಕೊಂದರಂತೆ ವರ್ಷಕ್ಕಾಗುವಷ್ಟು, ಪಾಠಕ್ಕೊಂದು ಚಿತ್ರ.

“ಎರಡೂ ಕಲಿಸಾಕ ಹೋಗಬ್ಯಾಡ, ಕೂಸಿಗೆ ದಣಿವಾಗ್ತೈತಿ. ಒಂದು ಆರಿಸ್ಕೋ ತಂಗಿ. ನನ್ನ ಕೇಳಿದ್ರ ಪ್ರಶ್ನೋತ್ತರಾನ ಛಲೋ. ಬಾಯಿಪಾಠ ಆದ್ರ ಸಾಯೋತನಕ ಮರೆಯಂಗಿಲ್ಲ,” ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡು, ಒಳಗೆ ಮಲಗಿದ್ದ ಮಗಳ ಕಡೆ ನೋಡಿದರು.

ಮೂರು ದಿನ ಪ್ರಶ್ನೋತ್ತರ ಹಿಡಿದೆವು. ನಾನು ಓದುವುದು, ಅವಳು ಒಪ್ಪಿಸುವುದು. ನಾಲ್ಕನೆಯ ದಿನ ಮಗಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

“ಉತ್ತರ ಇಲ್ಲೇ ಕೆಳಗ ಬರ್ದಾರಲ್ಲವ್ವ. ಗೊತ್ತಿದ್ದೂ ನನ್ನ ಯಾಕ ಕೇಳ್ತಿ?”

ಸೈಕಲ್ ಒರೆಸುತ್ತಿದ್ದ ಅವಳ ಅಪ್ಪ ನನ್ನ ಕಡೆ ನೋಡಿ ನಕ್ಕುಬಿಟ್ಟರು. “ಲೇ, ನಿನಗ ಪರೀಕ್ಷಾ ಮಾಡ್ತಾಳ ಇಕಿ. ಹೇಳು ನೋಡೋಣು!”

ಹೀಗಾಗಿ ಕಥೆಯ ಪುಸ್ತಕವೇ ನಮ್ಮ ಪಾಠವಾಯಿತು.

ಕಲಿಸುವ ಮುಂಚೆ ಅದನ್ನು ಕೊನೆಯತನಕ ಓದಲು ಕೂತೆ. ಕುರಿ ಕಳೆದದ್ದು, ದೋಣಿ ಅಲ್ಲಾಡಿದ್ದು, ಐದು ರೊಟ್ಟಿ ಹಂಚಿದ್ದು, ಎಲ್ಲ ಸರಿ. ನಡುವೆ ಒಂದು ಪಾಠ ಬಂತು. ಹನ್ನೆರಡು ವರ್ಷದ ಹುಡುಗಿ ಹಾಸಿಗೆ ಹಿಡಿದಿದ್ದಾಳೆ. ಅಪ್ಪ ಸ್ವಾಮಿಯನ್ನು ಕರೆತರಲು ಹೋಗಿದ್ದಾನೆ. ಚಿತ್ರದಲ್ಲಿ ಹುಡುಗಿ ಕಣ್ಣು ಮುಚ್ಚಿದ್ದಾಳೆ, ಸುತ್ತ ಹೆಂಗಸರು ಅಳುತ್ತಿದ್ದಾರೆ. ಮುಂದೆ ಸ್ವಾಮಿ ಬಂದು ಅವಳನ್ನು ಬದುಕಿಸಿ ಎಬ್ಬಿಸುತ್ತಾರೆಂದು ಚಿಕ್ಕಂದಿನಿಂದ ಕೇಳಿದ್ದೆ. ಆದರೂ ಮುಂದಕ್ಕೆ ಓದಲಾಗಲಿಲ್ಲ. ನನ್ನನ್ನೂ ಎಬ್ಬಿಸ್ತಾರೇನವ್ವ ಎಂದು ಮಗಳು ಕೇಳಿದರೆ ಏನು ಹೇಳಲಿ? ಸಾವೆಂಬ ಮಾತು ಅವಳ ಕಿವಿಗೆ ಬೀಳದಂತೆ ನಾವಿಬ್ಬರೂ ಅಷ್ಟು ಜೋಪಾನವಾಗಿದ್ದೆವು.

ದೇವರ ಪುಸ್ತಕ, ಹರಿಯಲು ಮನಸ್ಸಾಗಲಿಲ್ಲ. ಕೌದಿ ಹೊಲಿಯುತ್ತಿದ್ದ ಸೂಜಿ ಕೈಯಲ್ಲೇ ಇತ್ತು. ಎದುರುಬದುರಿನ ಆ ಎರಡು ಪುಟಗಳನ್ನು ಕೂಡಿಸಿ ಅಂಚನ್ನು ಮೇಲಿನಿಂದ ಕೆಳಗಿನತನಕ ಬಿಳಿ ದಾರದಲ್ಲಿ ಹೊಲಿದುಬಿಟ್ಟೆ.

ವರ್ಷ ಅರ್ಧ ಕಳೆಯುವುದರಲ್ಲಿ ಅವಳು ತಾನೇ ಅಕ್ಷರ ಕೂಡಿಸಿ ಓದತೊಡಗಿದಳು. ಆ ಪಾಠದ ವಾರ ಬಂದಾಗ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಇದನ್ಯಾಕ ಹೊಲದಿಯವ್ವ?”

“ಅದು ದೊಡ್ಡೋರ ಪಾಠ. ನಿನಗ ಹನ್ನೆರಡು ತುಂಬಲಿ, ಓದೋಣು.”

ಹನ್ನೆರಡು ಎಂದು ಬಾಯಿಗೆ ಹೇಗೆ ಬಂತೋ. ಅವಳು ಮತ್ತೆ ಕೇಳಲಿಲ್ಲ. ಓದಿ ದಣಿದಾಗ ನನ್ನ ಪಕ್ಕದಲ್ಲಿ ಕೂತು ಕೌದಿಯ ಮೂಲೆಗೆ ನಾಲ್ಕು ಹೊಲಿಗೆ ಹಾಕುತ್ತಿದ್ದಳು. ಗಂಟು ಬಟ್ಟೆಯ ಒಳಗಡೆ ಇರಬೇಕೆಂದು ಎಷ್ಟು ಹೇಳಿದರೂ ಹೊರಗೇ ಬಿಡುವಳು. “ಹೊರಗಿದ್ರ ಕಾಣ್ತೈತಿ, ಬಿಚ್ಚಾಕ ಸಸಾರ,” ಎಂದು ವಾದ ಮಾಡುವಳು.

ಆ ಮಳೆಗಾಲದಲ್ಲಿ ಅವಳಿಗೆ ಹೊಸದೊಂದು ರೂಢಿಯಾಯಿತು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಮುಖ ತೊಳೆಯುವ ಮೊದಲೇ, “ಅವ್ವಾ, ಎದ್ದೀನಿ. ಏನರ ತಿನ್ನಾಕ ಕೊಡು,” ಎನ್ನುವಳು. ತುತ್ತಿಗೆ ಮುಖ ತಿರುಗಿಸುತ್ತಿದ್ದ ಹುಡುಗಿ. ನಾನು ಓಡಿಹೋಗಿ ರೊಟ್ಟಿಯನ್ನೋ ಮಂಡಕ್ಕಿಯನ್ನೋ ತಂದುಕೊಡುತ್ತಿದ್ದೆ. ಎರಡು ತುತ್ತು ತಿಂದು, “ಸಾಕವ್ವ. ಈಗ ನಿನ್ನ ಕೆಲಸ ನೋಡ್ಕೋ ಹೋಗು,” ಎಂದು ಮಲಗುವಳು.

“ನಿನ್ನ ಮಗಳು ಪೈಲ್ವಾನ್ ಆಗ್ತಾಳ ನೋಡು,” ಎಂದರು ಅವಳ ಅಪ್ಪ. ಹಸಿವು ಮರಳಿತೆಂದು ನಾನೂ ನಂಬಿದೆ.

ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಕೇಳಲಿಲ್ಲ. ಅವಳಿಗೆ ಆಗಿನ್ನೂ ಎಂಟು ನಡೆಯುತ್ತಿತ್ತು.

ಮರುವರ್ಷ ಅಯ್ಯನವರ ಹೆಂಡತಿ ಬಂದು, ಸಭೆಯ ನಾಲ್ಕು ಚಿಕ್ಕ ಮಕ್ಕಳಿಗೆ ಪಾಠ ಶುರುಮಾಡಬೇಕು, ಆ ಪುಸ್ತಕ ಕೊಡುತ್ತೀಯಾ ಎಂದು ಸಂಕೋಚದಿಂದಲೇ ಕೇಳಿದರು. ಕೊಡುವ ಮುನ್ನ ಹೊಲಿಗೆ ಬಿಚ್ಚೋಣವೆಂದು ಬ್ಲೇಡು ಹಿಡಿದು ಕೂತೆ. ಹೊಲಿದ ದಿನದಿಂದ ನಾನು ಆ ಪುಟದ ಕಡೆ ಸರಿಯಾಗಿ ನೋಡಿರಲಿಲ್ಲ. ಅಂಚಿನ ಮೇಲರ್ಧದಲ್ಲಿ ನನ್ನ ಸಣ್ಣ ಹೊಲಿಗೆ. ಕೆಳಗಿನ ಅರ್ಧದಲ್ಲಿ ಅದೇ ಬಿಳಿ ದಾರ, ಆದರೆ ಉದ್ದುದ್ದ, ಓರೆ ಹೊಲಿಗೆ. ಕೊನೆಯಲ್ಲಿ ಗಂಟು ಹೊರಗಡೆ ಇತ್ತು.

ನನ್ನ ಹೊಲಿಗೆಯನ್ನು ಬಿಚ್ಚಿದೆ. ಅವಳದನ್ನು ಬಿಚ್ಚಲಿಲ್ಲ. ಪುಟಗಳನ್ನು ಮೇಲಿನಿಂದ ಅಗಲಿಸಿ, ಒಳಕ್ಕೆ ಬಗ್ಗಿ, ಅಂದು ಬಿಟ್ಟಿದ್ದಲ್ಲಿಂದ ಓದಿದೆ. ಸ್ವಾಮಿ ಹುಡುಗಿಯ ಕೈ ಹಿಡಿಯುತ್ತಾರೆ, ಅವಳು ಏಳುತ್ತಾಳೆ. ಸುತ್ತ ನಿಂತವರು ಬೆರಗಾಗಿರುವಾಗ, ಇವಳಿಗೆ ಏನಾದರೂ ತಿನ್ನಲು ಕೊಡಿ ಎಂದು ಸ್ವಾಮಿ ಹೇಳುತ್ತಾರೆ. ಪಾಠ ಅಲ್ಲಿಗೆ ಮುಗಿಯುತ್ತದೆ.

ನಾನು ಅವಳಿಂದ ಮುಚ್ಚಿಟ್ಟದ್ದನ್ನು ಓದಿ, ಓದಿದ್ದನ್ನು ಅವಳು ನನ್ನಿಂದ ಮುಚ್ಚಿಟ್ಟಿದ್ದಳು. ದಿನಾ ಬೆಳಿಗ್ಗೆ ನನಗೆ ಮಾತ್ರ ಹೇಳುತ್ತಿದ್ದಳು, ಎದ್ದೀನಿ ಅಂತ.

ಅಯ್ಯನವರ ಹೆಂಡತಿಗೆ, “ಈ ಪುಸ್ತಕ ಮನಿ ಬಿಟ್ಟು ಬರಂಗಿಲ್ರೀ ಅಮ್ಮಾರ. ಮಕ್ಕಳನ್ನ ಇಲ್ಲೇ ಕಳಸ್ರಿ, ನಾನ ಹೇಳಿಕೊಡ್ತೀನಿ,” ಎಂದೆ.

“ಯಾವ ಪಾಠ ಬಿಡಬೇಕಂತೀಯೋ ಬಿಡವ್ವ. ನಿನ್ನ ಇಷ್ಟ,” ಎಂದರು ಅವರು.

“ಯಾವುದೂ ಬಿಡಂಗಿಲ್ರಿ,” ಎಂದೆ.

ಆ ಪಾಠದ ವಾರ ಬಂದಾಗ ಬೆಳಿಗ್ಗೆಯೇ ಮಂಡಕ್ಕಿಗೆ ಒಗ್ಗರಣೆ ಹಾಕಿ ಮುಚ್ಚಿಟ್ಟೆ. ಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಕೂತವು. ಓದಿ ಮುಗಿಸಿ, ಬೋಗುಣಿ ಹೊರಗೆ ತಂದೆ.