ಕೊಚ್ಕೊರ್‌ಬಾಯ್‌ನನ್ನು ಕರೆಯುವವರಿಲ್ಲ

ನಾರಿನ್ ಬೆಟ್ಟಸೀಮೆಯ ಆ ಹಳ್ಳಿಗೆ ಸೊಸೆಯಾಗಿ ಬಂದಾಗ ಐಜಿರೆಕ್‌ಗೆ ಇಪ್ಪತ್ತೊಂದು ವರ್ಷ. ಹಿಟ್ಟು ನಾದುವುದರಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಆದರೆ ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಂದಿರು ಬಾಯಿಬಿಟ್ಟು ಹೇಳುವಂತಿಲ್ಲ. ಹೆಸರಿನೊಳಗಿರುವ ಮಾತನ್ನೂ ಆಡುವಂತಿಲ್ಲ. ಗಂಡನ ತಾತ, ತೀರಿಕೊಂಡು ಹತ್ತು ವರ್ಷವಾದವರು, ಕೊಚ್ಕೊರ್‌ಬಾಯ್. ಕೊಚ್ಕೊರ್ ಎಂದರೆ ಟಗರು. ಹಾಗಾಗಿ ಆ ಮನೆಯ ಹೆಂಗಸರಿಗೆ ಟಗರು ಎಂದರೆ ‘ಕೊಂಬಿನವನು’.

ಮಾರ್ಚಿನಲ್ಲಿ ಐಜಿರೆಕ್ ಗಂಡು ಹೆತ್ತಳು. ಮಾವ ಹಿಗ್ಗಿಹೋಗಿ, ಕೂಸಿನ ಕಿವಿಯಲ್ಲಿ ಮೂರು ಸಲ ತನ್ನ ಅಪ್ಪನ ಹೆಸರನ್ನೇ ಹೇಳಿದ. ಇಡೀ ಜಿಲ್ಲೆಯಲ್ಲಿ ಈ ಹೆಸರಿನವರು ಇನ್ನೊಬ್ಬರಿಲ್ಲ ಎಂದು ಕುರಿ ಕಡಿಸಿ ಊಟ ಹಾಕಿ ಬೀಗಿದ. ಯಾಕಿಲ್ಲ ಎಂದು ಮಾತ್ರ ಯೋಚಿಸಲಿಲ್ಲ. ನೆಂಟರು ಹೋದ ಮೇಲೆ ಐಜಿರೆಕ್ ಮಗನನ್ನು ಎತ್ತಿಕೊಂಡಳು, ಕರೆಯಲು ಬಾಯಿ ತೆರೆದಳು, ಹಾಗೆಯೇ ಮುಚ್ಚಿದಳು.

ಮೇ ತಿಂಗಳಲ್ಲಿ ಮಾವ, ಅತ್ತೆ, ಗಂಡ ಎಲ್ಲರೂ ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹತ್ತಿದರು. ಮನೆಯಲ್ಲಿ ಉಳಿದದ್ದು ಅವಳು, ಕೂಸು ಮತ್ತು ತಾತನ ಹೆಂಡತಿ ಸೋನುನ್ ಅಜ್ಜಿ; ಹಿತ್ತಲಲ್ಲಿ ಬೆಟ್ಟ ಹತ್ತಲಾರದ ಒಂದು ಮುದಿ ಟಗರು. ಅಜ್ಜಿ ಗಂಡನನ್ನು ಬಾಳಿದಷ್ಟು ಕಾಲವೂ ‘ಏಯ್ ಮಾರಾಯ’ ಎಂದೇ ಕರೆದವಳು. ಕೂಸಿಗೆ ‘ಕೊಂಬಣ್ಣ’ ಎಂಬ ಹೆಸರು ಅಂಟಿಕೊಂಡಿತು. ಅದು ಅದಕ್ಕೇ ಓಗೊಡುತ್ತಿತ್ತು. ತಾನು ಹೆತ್ತದ್ದನ್ನು ಒಂದು ಸಲವಾದರೂ ಅದರ ಹೆಸರು ಹಿಡಿದು ಕರೆಯಬೇಕೆಂದು ಐಜಿರೆಕ್‌ಗೆ ಒಳಗೊಳಗೇ ಆಸೆ. ಬಟ್ಟೆ ಹಿಂಡುವಾಗ ತುಟಿ ಅಲ್ಲಾಡಿಸಿ ನೋಡುತ್ತಿದ್ದಳು, ದನಿ ಹೊರಡುತ್ತಿರಲಿಲ್ಲ.

ಸೆಪ್ಟೆಂಬರಿನ ಲಸಿಕೆ ದಿನ ಪಟ್ಟಣದಿಂದ ಹೊಸ ಡಾಕ್ಟರ್ ಬಂದಿದ್ದ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ಶಿಸ್ತು ಮಾತ್ರ ಬಹಳ. ಕರೆತಂದವರೇ ಬಾಯಿಬಿಟ್ಟು ಮಗುವಿನ ಹೆಸರು ಹೇಳಬೇಕು, ಆಮೇಲೆ ಸೂಜಿ. ತಪ್ಪಿದರೆ ಮತ್ತೆ ಒಂದು ತಿಂಗಳು ಕಾಯಬೇಕು. ಆಚೆ ಬೀದಿಯ ಮಕ್ಕಳಿಗೆ ಆಗಲೇ ದಡಾರ ಬಂದಿತ್ತು.

“ಮಗು ಹೆಸರೇನಮ್ಮ?”

“ಚೀಟೀಲೇ ಇದ್ಯಲ್ಲ ಡಾಕ್ಟ್ರೇ.”

“ಅದು ನಂಗೂ ಕಾಣ್ತಿದೆ. ನೀವು ಹೇಳಿ.”

ಐಜಿರೆಕ್ ನರ್ಸ್ ಗುಲ್‌ಬಾರ್ಚಿನ್ ಕಡೆ ನೋಡಿದಳು. ಅವಳೂ ಅದೇ ಕುಲದ ಸೊಸೆ. ಸಿರಿಂಜಿನ ಡಬ್ಬಿಯೊಳಗೆ ಏನೋ ಕಳೆದುಕೊಂಡವಳಂತೆ ತಲೆ ತೂರಿಸಿ ಕುಳಿತಳು.

“ಕುರಿಗೆ ಗಂಡ ಇರ್ತಾನಲ್ಲ,” ಎಂದಳು ಐಜಿರೆಕ್, “ಅವ್ನು. ಅದರ ಮುಂದೆ ಬಾಯ್.”

ಡಾಕ್ಟರ್ ಪೆನ್ನು ಕೆಳಗಿಟ್ಟ. ಕೂಸನ್ನು ನೋಡಿದ, ಇವಳನ್ನು ನೋಡಿದ. ಇದು ನಿಮ್ಮದೇ ಮಗುವೇ ಎಂದು ಕೇಳಿದ. ಆರು ತಿಂಗಳಿಂದ ನಿದ್ದೆಗೆಟ್ಟ ಕಣ್ಣಿನಲ್ಲಿ ಅವಳಿಗೆ ಬೆಂಕಿಯೂ ನೀರೂ ಒಟ್ಟಿಗೆ ಬಂದವು. ಕೊಂಬಣ್ಣ ಅವನ ಸ್ಟೆತಸ್ಕೋಪಿನ ಕೊಳವೆಯನ್ನು ನೆಮ್ಮದಿಯಾಗಿ ಚೀಪುತ್ತಿದ್ದ.

ಜೊತೆಗೆ ಬಂದು ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿ ಎದ್ದಳು. ತಲೆವಸ್ತ್ರ ಬಿಗಿದುಕೊಂಡು, ಕಿಟಕಿಯಾಚೆ ಸ್ಮಶಾನದ ದಿಬ್ಬದ ಕಡೆ ತಿರುಗಿದಳು.

“ಏಯ್ ಮಾರಾಯ, ಸ್ವಲ್ಪ ಹೊತ್ತು ಕಿವಿ ಮುಚ್ಕೋ.”

ಆಮೇಲೆ ಡಾಕ್ಟರ್ ಕಡೆ ತಿರುಗಿ, “ಕೊಚ್...” ಎಂದಳು. ಅರವತ್ತು ವರ್ಷ ಸುಮ್ಮನಿದ್ದ ನಾಲಿಗೆ ಹೊರಳಲಿಲ್ಲ. “ಕೊರ್ಚ್... ಕೊಚ್ಕೊ...” ಡಬ್ಬಿಯಿಂದ ನರ್ಸ್ ತಲೆ ಎತ್ತಿದಳು. “ಕೊಚ್ಕೊರ್‌ಬಾಯ್!”

ಚೆನ್ನಾಗಿದೆಯಲ್ಲ ಹೆಸರು ಎಂದು ಅಜ್ಜಿಗೇ ಆಶ್ಚರ್ಯ. ಇನ್ನೊಮ್ಮೆ ಹೇಳಿದಳು. ಡಾಕ್ಟರ್ ಸಾಕು ಎಂದರೂ ಮೂರನೇ ಸಲ ಹೇಳಿದಳು. ಸೂಜಿ ಬಿತ್ತು, ಕೂಸು ಚೀರಿತು.

ದಾರಿಯುದ್ದಕ್ಕೂ ಅಜ್ಜಿ ಅದನ್ನೇ ಹೇಳುತ್ತ ನಡೆದಳು. ಗೇಟಿನ ಬಳಿ ನಿಂತು, “ನೀನೂ ಕರಿಯೇ. ಅವ್ರು ಕನಸಲ್ಲಿ ಬಂದು ಬೈದ್ರೆ, ಅಜ್ಜೀನೇ ಮೊದ್ಲು ಕರೆದಿದ್ದು ಅಂತ ಹೇಳು,” ಎಂದಳು.

ಐಜಿರೆಕ್ ಮಗನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ, ಪೂರ್ತಿಯಾಗಿ ಕರೆದಳು. ಅವನು ನಾಯಿ ನೋಡುತ್ತಿದ್ದ, ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಊಹೂಂ.

ಹಿತ್ತಲಲ್ಲಿ ಅಜ್ಜಿ ಹುಲ್ಲಿನ ಬಣವೆಗೆ ಬಾಯಿ ಹಾಕಿದ್ದ ಟಗರನ್ನು “ಏಯ್ ಕೊಚ್ಕೊರ್!” ಎಂದು ಗದರಿಸುತ್ತಿದ್ದಳು. ಅದೂ ತಿರುಗಲಿಲ್ಲ.