ಅವ್ವನ ಫೋನಿಗೆ ಬಾರದ ಹಾಡು

ಬಸು, ನಿನ್ನ ಹಾಡು ನಿನ್ನ ಅವ್ವನ ಫೋನಿಗೆ ಬಾರದಂತೆ ಮಾಡಿದವನು ನಾನು, ದಸ್ತಗೀರ. ಆ್ಯಪಿನ ತಪ್ಪಲ್ಲ, ಮಂದಿಯ ತಪ್ಪೂ ಅಲ್ಲ — ನನ್ನ ಹೊಟ್ಟೆಕಿಚ್ಚು.

ಮೊಹರಮ್ಮಿನಲ್ಲಿ ಟಿಕೋಟಾದಿಂದ ಬಬಲೇಶ್ವರದವರೆಗೆ ಕೂಡಿ ರಿವಾಯತ್ ಪದ ಹಾಡಿದವರು ನಾವು. ನೀನು ಎತ್ತಿದ ಸಾಲನ್ನು ನಾನು ಹಿಂದಿನಿಂದ ಹಿಡಿಯುತ್ತಿದ್ದೆ. ಆಮೇಲೆ ನೀನೊಬ್ಬನೇ ಹಾಡಿ, ಹಾಡಿನ ಆ್ಯಪಿಗೆ ಹಾಕಿಸಿದೆ. ಹಾಡಿನ ಜೊತೆಗಿನ ಫೋಟೊದಲ್ಲಿ ನೀನೊಬ್ಬನೇ — ಹೆಗಲ ಮೇಲೆ ನಾನು ಕೊಟ್ಟ ಹಸಿರು ಶಲ್ಯ. ನನ್ನನ್ನೊಂದು ಮಾತು ಕೇಳಬಹುದಿತ್ತು... ಇರಲಿ. ಹೊಟ್ಟೆ ಉರಿಯಿತು. ಈಗಲೂ ನೆನೆದರೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಗಾಂಧಿ ಚೌಕದ ನನ್ನ ಮೊಬೈಲ್ ಅಂಗಡಿಗೆ ಎಂಥವರು ಬರುತ್ತಾರೆಂದು ನಿನಗೆ ಗೊತ್ತೇ ಇದೆ. ಹೊಸ ಫೋನು ಕೈಗಿಟ್ಟು "ಹಾಡು ನೀವ ನೋಡಿ ಹಾಕ್ರಿ" ಎನ್ನುತ್ತಾರೆ. ಯಾವ ಭಾಷೆ, ಯಾವ ಗಾಯಕ — ಅವರ ಇಷ್ಟವನ್ನೆಲ್ಲ ನಾನೇ ಒತ್ತುತ್ತಿದ್ದೆ. ನಿನ್ನ ಹೆಸರು ಬಂದಾಗ ಮಾತ್ರ ‘ಬೇಡ’ ಒತ್ತಿದೆ. ಆ್ಯಪ್ ಅದನ್ನು ಅವರದೇ ಮನಸ್ಸೆಂದು ಬರೆದಿಟ್ಟುಕೊಂಡಿತು.

ನಿನ್ನ ಅವ್ವ ಬಂದಳು. "ನನಗ ಓದಾಕ ಬರೂದಿಲ್ಲಪಾ. ಒತ್ತಿದ್ರ ನಮ್ಮ ಬಸೂನ ಹಾಡು ಬರೂಹಂಗ ಮಾಡಿಕೊಡು." ಅಲ್ಲಿಯೂ ‘ಬೇಡ’ ಒತ್ತಿದೆ. ಸ್ವಲ್ಪ ದಿನಕ್ಕೆ ಮತ್ತೆ ಬಂದಳು. "ಎಲ್ಲಾರ ಹಾಡೂ ಬರತಾವು, ಅವಂದೊಂದು ಬರವಲ್ದು."

"ಯಾರೂ ಕೇಳಲಾರದ ಹಾಡು ಈ ಆ್ಯಪ್ ತರೂದಿಲ್ಲ ಬೇ," ಎಂದೆ.

ಆ ಮಾತನ್ನು ಅವಳು ನಿನಗೆ ಹೇಳಿದಳು. ನೀನು ಅವಳ ಫೋನು ತೆರೆದೂ ನೋಡಲಿಲ್ಲ — ನನ್ನನ್ನು ನಂಬಿದೆ. ಅಂಗಡಿಗೆ ಬಂದು, ಯಾವ ಊರವರು ಕೇಳುತ್ತಾರೆಂದು ಆ್ಯಪ್ ತೋರಿಸುವ ಪುಟ ನನ್ನ ಮುಂದೆ ಹಿಡಿದೆ. "ಸೊಲ್ಲಾಪುರದಾಗ ಕೇಳಾಕತ್ತಾರಲೇ. ನಮ್ಮೂರ ಮಂದಿಗೇ ಬ್ಯಾಡಾಗೇನಿ." ನಿನಗೆ ಚಹಾ ತರಿಸಿದೆ, ಒಳಗೊಳಗೇ ಹಿಗ್ಗಿದೆ. ಒಂದು ಅಂಗಡಿಯಿಂದ ಇಡೀ ಊರಿನ ಕಿವಿ ಮುಚ್ಚಲಾಗದು ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಹಾಡುವುದನ್ನು ಬಿಟ್ಟೆ — ಮೊಹರಮ್ಮಿನಲ್ಲೂ. ವರ್ಷಗಳಾದವು.

ಮೊನ್ನೆ ಅವ್ವ ಫೋನಿನ ಒಡೆದ ಗಾಜು ಹಾಕಿಸಲು ಬಂದಾಗ ಆ ‘ಬೇಡ’ ತೆಗೆದೆ. ನಿನ್ನ ದನಿ ಬಂತು. ಸೆರಗು ಬಾಯಿಗೆ ಹಿಡಿದು ಕೇಳಿದಳು.

"ಈಗ ಮಂದಿ ಕೇಳಾಕತ್ತಾರೇನೋ ದಸ್ತಗೀರ?"

"ಹೂಂ" ಎಂದೆ.

ಆ ಸುಳ್ಳನ್ನು ನಂಬಿ, ನಗುತ್ತ ಬಬಲೇಶ್ವರದ ಬಸ್ಸು ಹತ್ತಿದಳು. ನಿನಗೂ ಹೇಳಿರುತ್ತಾಳೆ. ನಾಳೆ ಬರುತ್ತೇನೆ, ಬಸು. ಅವಳ ಮುಂದೆಯೇ ಇದನ್ನೆಲ್ಲ ಹೇಳುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ.